ಎಂಟಕ್ಕೆ ಬಲಕ್ಕೆ

"ಅಮ್ಮಾ, ನೀನು ಭಾನುವಾರ ಕುರ್ಚಿ ಹಾಕ್ಕೊಂಡು ಕೂತು ನೋಡು. ನಿನ್ ಕೈಲಿ ಇದು ಆಗಲ್ಲ."

ಒಂಬತ್ತು ಹೆಂಗಸರ ಎದುರು ಮಗಳು ಹೀಗೆಂದಾಗ ದೊಡ್ಡಕ್ಕ ಸಾಲಿನಿಂದ ಹೊರಬಂದಳು. ಶೂ ಕಳಚಿ ಚೀಲಕ್ಕೆ ತುರುಕಿದಳು. ತುರುಕಿದ ರಭಸಕ್ಕೆ ಚೀಲದ ಹಿಡಿ ಕಿತ್ತು ಕೈಗೆ ಬಂತು.

ಕುಣಿತವೇನೂ ಬ್ರಹ್ಮವಿದ್ಯೆಯಲ್ಲ. ಸ್ವಿಂಗ್ ಎಂಬ ಹಳೆಯ ಅಮೆರಿಕನ್ ಜಾಝ್ ಸಂಗೀತಕ್ಕೆ ಮಗಳೇ ಕೂತು ಹೆಣೆದ ಲೈನ್ ಡ್ಯಾನ್ಸ್. ಜೋಡಿ ಬೇಡ, ಕೈ ಹಿಡಿಯುವವರು ಬೇಡ. ಸಾಲಾಗಿ ನಿಂತು ಎಲ್ಲರೂ ಒಂದೇ ಹೆಜ್ಜೆ ಹಾಕಿದರಾಯಿತು. ಪಕ್ಕಕ್ಕೆ ಎರಡು, ಹಿಂದಕ್ಕೆ ಒಂದು, ಮೊಣಕಾಲು ಸಡಿಲ ಬಿಟ್ಟು ತೂಗು, ಕಾಲು ಒದರು, ಎಂಟನೇ ಎಣಿಕೆಗೆ ಬಲಕ್ಕೆ ತಿರುಗು. ಎಲ್ಲರ ಮುಖವೂ ಮುಂದಿನ ಗೋಡೆಗೆ. ಹೀಗೆ ನಾಲ್ಕೂ ಗೋಡೆ ನೋಡಿದರೆ ಒಂದು ಸುತ್ತು. ದೊಡ್ಡಕ್ಕನಿಗೆ ಏಳರವರೆಗೆ ಎಲ್ಲ ಬರುತ್ತಿತ್ತು. ಎಂಟು ಬಂತೆಂದರೆ ಮೈ ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಎಡಪಕ್ಕದ ದರ್ಜಿಯಮ್ಮ ಅಷ್ಟರಲ್ಲಿ ಬಲಕ್ಕೆ ತಿರುಗಿರುತ್ತಿದ್ದಳು. ಇಬ್ಬರ ಮೂಗಿಗೆ ಮೂಗು.

"ಏನ್ರೀ, ಮುತ್ತು ಗಿತ್ತು ಕೊಡೋ ಯೋಚನೆಯಾ?" ಎಂದು ದರ್ಜಿಯಮ್ಮ ನಗುವಳು. ಸಾಲಿಗೆ ಸಾಲೇ ನಗುವುದು. ಮಗಳು ಮಾತ್ರ ನಗುತ್ತಿರಲಿಲ್ಲ. ಭಾನುವಾರದ್ದು ಉದ್ಯಾನದ ವೇದಿಕೆಯ ಮೇಲೆ ಅವಳು ಮಾಡಿಸುವ ಮೊದಲ ಪ್ರದರ್ಶನ.

ಅಭ್ಯಾಸದ ಕೋಣೆಯ ಮೆಟ್ಟಿಲಿಳಿಯುವಾಗ ದೊಡ್ಡಕ್ಕನ ಮೈಯೆಲ್ಲ ಉರಿಯುತ್ತಿತ್ತು. ಇದೇ ಮಗಳನ್ನು ಎರಡೂ ಕೈಯ ಬೆರಳು ಕೊಟ್ಟು ನಡೆಸಿದ್ದು ಯಾರು? ಇನ್ಯಾರದೋ ನೃತ್ಯಶಾಲೆಯ ತಣ್ಣನೆಯ ಮೆಟ್ಟಿಲ ಮೇಲೆ, ಮಡಿಲಲ್ಲಿ ಪುಟ್ಟ ಶೂ ಇಟ್ಟುಕೊಂಡು, ವಾರಕ್ಕೆ ಮೂರು ಸಂಜೆ ಕಾದು ಕೂತಿದ್ದು ಯಾರು? ಆಗ ಕೂತಿದ್ದು ಸಾಲದೆಂದು ಈಗಲೂ ಕೂರಬೇಕಂತೆ! ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಅವಳು ಚಾದರ ಮಡಚಿದ್ದಳು. ಚಾದರಗಳು ಮೇಲೆ ಹೋಗುತ್ತಿದ್ದವು; ಮಡಚಿದವಳನ್ನು ನೋಡಲು ಯಾರೂ ಕೆಳಗೆ ಬರುತ್ತಿರಲಿಲ್ಲ. ಜನ್ಮದಲ್ಲಿ ಒಂದು ಸಲ ಬೆಳಕಿನಲ್ಲಿ, ನಾಲ್ಕು ಜನ ನೋಡುವ ಜಾಗದಲ್ಲಿ ನಿಲ್ಲಬೇಕೆಂದು ಆಸೆಪಟ್ಟಿದ್ದಳು. ಅಷ್ಟೇ.

"ಶುಕ್ರವಾರ ಇನ್ನೊಂದ್ ಸಲ ನೋಡ್ತೀನಿ," ಎಂದು ಮನೆಯಲ್ಲಿ ಮಗಳು ತಟ್ಟೆಯ ಮುಂದೆ ಕೂತು ಹೇಳಿದಳು. "ಆಗಲೂ ತಪ್ಪಿದ್ರೆ ನನ್ನ ಬೈಬಾರ್ದು. ಚಿಕ್ಕಮ್ಮನ್ನ ನೋಡು, ಎಷ್ಟ್ ಚೆನ್ನಾಗಿ ತಿರುಗ್ತಾರೆ!"

"ಉಣ್ಣು," ಎಂದಳು ದೊಡ್ಡಕ್ಕ. ಸೌಟು ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿಯಿತು.

ಚಿಕ್ಕಮ್ಮನೆಂದರೆ ದೊಡ್ಡಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಲಾಂಡ್ರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಕ್ಕಕ್ಕ. ಹತ್ತೊಂಬತ್ತು ವರ್ಷವೂ ದೊಡ್ಡಕ್ಕನ ಎದುರು ನಿಂತು ಚಾದರದ ಇನ್ನೆರಡು ಮೂಲೆ ಹಿಡಿದವಳು ಅವಳೇ.

ಮರುದಿನ ಮಂಗಳವಾರ. ಒಣಗಿಸುವ ಯಂತ್ರದಿಂದ ಬಂದ ಬಿಸಿ ಚಾದರವನ್ನು ದೊಡ್ಡಕ್ಕ ಒದರುತ್ತಿದ್ದ ಪರಿ ಕಂಡು ಚಿಕ್ಕಕ್ಕ ಹೆದರಿದಳು.

"ಅಕ್ಕಾ, ಸ್ವಲ್ಪ ನಿಧಾನ. ಚಾದರ ಏನ್ ಪಾಪ ಮಾಡಿದೆ?"

"ಸುಮ್ನೆ ಹಿಡಿ. ನೀನು ಚೆನ್ನಾಗಿ ತಿರುಗೋಳು. ನಿನಗೇನು!"

ಮೂಲೆಗೆ ಮೂಲೆ ಸೇರಿಸಿ, ಹತ್ತಿರ ಬಂದು, ಮಡಿಕೆ ಕೈ ಬದಲಿಸಿ, ದೊಡ್ಡಕ್ಕ ಮೇಜಿನತ್ತ ತಿರುಗಿ ಚಾದರವನ್ನು ಫಟ್ಟೆಂದು ಕುಕ್ಕಿದಳು. ಚಿಕ್ಕಕ್ಕ ಕಣ್ಣರಳಿಸಿದಳು.

"ಅಕ್ಕಾ! ತಡೀರಿ. ಮೇಜು ನಿಮಗೆ ಯಾವ ಕಡೆ?"

"ಕಣ್ಣಿಲ್ವಾ ನಿನಗೆ? ಎಡಕ್ಕೆ."

"ನನಗೆ ಬಲಕ್ಕೆ. ಹತ್ತೊಂಬತ್ತು ವರ್ಷದಿಂದ ನೀವು ಎಡಕ್ಕೇ ತಿರುಗ್ತಿದ್ದೀರಿ, ನಾನು ಬಲಕ್ಕೇ ತಿರುಗ್ತಿದ್ದೀನಿ. ಇದ್ರಲ್ಲಿ ನನ್ನ ಹೆಚ್ಚುಗಾರಿಕೆ ಏನ್ ಬಂತು? ಮೇಜಿನದು!"

ದೊಡ್ಡಕ್ಕ ಮೇಜನ್ನು ನೋಡಿದಳು. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಮೇಜು. ಅದಕ್ಕೊಂದು ಒದೆ ಕೊಡಬೇಕೆನಿಸಿತು. ಕೊಟ್ಟಳು ಕೂಡ. ಹೆಬ್ಬೆರಳು ನೊಂದಿತೇ ಹೊರತು ಮೇಜಿಗೇನೂ ಆಗಲಿಲ್ಲ.

"ಜಾಗ ಬದಲಾಯಿಸೋಣ," ಎಂದಳು ಚಿಕ್ಕಕ್ಕ. "ಶುಕ್ರವಾರದವರೆಗೆ ನೀವು ನನ್ನ ಕಡೆ ನಿಲ್ಲಿ."

"ನೀನು ಕೆಟ್ಟುಹೋಗ್ತೀಯಲ್ಲೇ!"

"ಮೂರೇ ದಿನದಲ್ಲಿ ಕೆಡೋಕೆ ನಾನೇನು ಹಾಲಾ?"

ಆ ಮೂರು ದಿನ ಲಾಂಡ್ರಿ ರಣರಂಗವಾಯಿತು. ಇಬ್ಬರ ಕೈಗೆ ಕೈ ಅಡ್ಡ ಬಂತು, ಮೂಲೆಗಳು ತಪ್ಪಿದವು, ಬಂಡಿಯಲ್ಲಿ ಚಾದರಗಳು ಎದೆಮಟ್ಟ ಏರಿದವು. "ಇಬ್ರಿಗೂ ಏನ್ ದೆವ್ವ ಹಿಡಿದಿದೆ?" ಎಂದು ಸೂಪರ್‌ವೈಸರ್ ಕೂಗಾಡಿದ. "ನಿಮಗೆ ಬೇಕಾದ್ರೆ ಬಂದು ಒಂದು ಮೂಲೆ ಹಿಡೀರಿ," ಎಂದು ದೊಡ್ಡಕ್ಕ ತಿರುಗಿ ಹೇಳಿದಾಗ, ಅಷ್ಟು ವರ್ಷ ಅವಳ ದನಿಯನ್ನೇ ಕೇಳಿರದ ಆತ ಬಂದ ದಾರಿ ಹಿಡಿದ. ಅವಳು ಮನೆಯಲ್ಲೂ ಬಿಡಲಿಲ್ಲ. ಪಾತ್ರೆ ತೊಳೆಯುತ್ತಾ ಎಣಿಸುವುದು, ಎಂಟಕ್ಕೆ ಹಲ್ಲು ಕಚ್ಚಿ ಬಲಕ್ಕೆ ತಿರುಗುವುದು. ಅಡುಗೆಮನೆಯ ನೆಲವೆಲ್ಲ ನೀರು.

ಶುಕ್ರವಾರ ಸಂಜೆ ಹತ್ತೂ ಜನ ಎರಡು ಸಾಲಾಗಿ ನಿಂತರು. ಸಂಗೀತ ಶುರುವಾಯಿತು. ಐದು, ಆರು, ಏಳು, ಎಂಟು. ದೊಡ್ಡಕ್ಕ ಬಲಕ್ಕೆ ತಿರುಗಿದಳು. ಎರಡನೇ ಗೋಡೆ, ಮೂರನೇ ಗೋಡೆ, ನಾಲ್ಕನೆಯದು. ಒಂದೂ ತಪ್ಪಲಿಲ್ಲ. "ಅಯ್ಯೋ, ಇವತ್ತು ಮುತ್ತಿಲ್ವಾ?" ಎಂದು ದರ್ಜಿಯಮ್ಮ ಗೊಣಗಿದಳು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಏನೋ ಢಿಕ್ಕಿಯಾಯಿತು. ಚಿಕ್ಕಕ್ಕ ಎಡಕ್ಕೆ ತಿರುಗಿ ಪಕ್ಕದವಳ ಹಣೆಗೆ ಹಣೆ ಗುದ್ದಿದ್ದಳು. ಮಗಳು ಮತ್ತೆ ಮೊದಲಿನಿಂದ ಹಾಕಿಸಿದಳು. ಮತ್ತೆ ಎಡಕ್ಕೆ. ಮೂರನೇ ಸಲವೂ ಎಡಕ್ಕೆ.

ಸಂಗೀತ ನಿಂತಿತು. "ಚಿಕ್ಕಮ್ಮಾ, ನಿಮಗೇನಾಯ್ತು? ಸರಿ ಬಿಡಿ. ಅಮ್ಮ ಸಾಲಿನಲ್ಲಿರಲಿ. ಭಾನುವಾರ ನೀವು ಕೂತು ನೋಡಿ."

ಚಿಕ್ಕಕ್ಕ ನಗಲು ನೋಡಿದಳು. "ಆಗ್ಲಿ ಕಣೇ. ಜೋರಾಗಿ ಚಪ್ಪಾಳೆ ಹೊಡೆಯೋಕೆ ಒಬ್ರು ಬೇಕಲ್ಲ," ಎಂದು ಬಗ್ಗಿ ಶೂವಿನ ದಾರ ಬಿಚ್ಚತೊಡಗಿದಳು. ಆ ಬಾಗಿದ ಬೆನ್ನನ್ನು ಕಂಡದ್ದೇ ದೊಡ್ಡಕ್ಕನಿಗೆ ವಾರವಿಡೀ ಅದುಮಿಟ್ಟ ಸಿಟ್ಟು ನೆತ್ತಿಗೇರಿತು.

"ದಾರ ಮುಟ್ಟಿದ್ರೆ ನೋಡು!" ಎಂದು ಓರಗಿತ್ತಿಗೆ ಗದರಿ, ನೆಟ್ಟಗೆ ಮೂಲೆಗೆ ಹೋದಳು. ಅಲ್ಲಿ ಪೇರಿಸಿದ ಕುರ್ಚಿಗಳ ಮೇಲೆ ಧೂಳು ಕೂರದಂತೆ ಹಳೆಯದೊಂದು ಚಾದರ ಹೊದಿಸಿದ್ದರು. ಅದನ್ನು ಸರ್ರನೆ ಎಳೆದು, ಎರಡು ಮೂಲೆಗಳನ್ನು ಮಗಳ ಕೈಗೆ ತುರುಕಿದಳು.

"ಹಿಡಿ."

"ಅಮ್ಮಾ, ಇದೇನು ಎಲ್ರ ಮುಂದೆ—"

"ಎಲ್ರ ಮುಂದೆನೇ. ಕಿಟಕಿಕಟ್ಟೆ ಇದೆಯಲ್ಲ, ಅದೇ ಮೇಜು. ನಿನ್ನ ಎಡಕ್ಕಿದೆ, ನೋಡ್ಕೋ. ನಾನು ಎಣಿಸ್ತೀನಿ. ಎಂಟಕ್ಕೆ ತಿರುಗಿ ಅದರ ಮೇಲೆ ಇಡಬೇಕು. ನಿನ್ನ ಎಣಿಕೆ, ನನ್ನ ಕೆಲಸ. ಒಂದು, ಎರಡು—"

ಮಗಳು ಒದರಿದಳು, ಮೂಲೆ ಸೇರಿಸಿದಳು, ಹತ್ತಿರ ಬಂದಳು. "ಎಂಟು!" ಎಂದದ್ದೇ ತಡ, ಅವಳ ಮೈ ಬಲಕ್ಕೆ ತಿರುಗಿತು. ಚಾದರ ತಾಯಿಯ ಕೈತಪ್ಪಿ ಮಗಳ ಕಾಲಿಗೆ ಸುತ್ತಿಕೊಂಡಿತು.

"ಮತ್ತೆ."

ಎರಡನೇ ಸಲವೂ ಬಲಕ್ಕೆ. ಮೂರನೇ ಸಲ ಮಗಳು ತುಟಿ ಕಚ್ಚಿ, ಕಿಟಕಿಯನ್ನೇ ದಿಟ್ಟಿಸಿದಳು. ಎಂಟು ಕಿವಿಗೆ ಬಿದ್ದ ಕೂಡಲೇ ಕಾಲು ಬಲಕ್ಕೇ ಹೋಯಿತು. ಕೋಣೆಯಲ್ಲಿ ಯಾರೂ ನಗಲಿಲ್ಲ. ದರ್ಜಿಯಮ್ಮ ಕೂಡ.

"ಹೇಳ್ಲಾ? ನಿನ್ ಕೈಲಿ ಇದು ಆಗಲ್ಲ, ಹೋಗಿ ಕೂತ್ಕೋ ಅಂತ ಹೇಳ್ಲಾ?" ದೊಡ್ಡಕ್ಕ ಕುರ್ಚಿಗಳತ್ತ ಬೆರಳು ತೋರಿಸಿದಳು. "ನಿನ್ನ ಚಿಕ್ಕಮ್ಮ ನನಗೋಸ್ಕರ ತನ್ನ ಜಾಗ ಬಿಟ್ಟು ನನ್ನ ಜಾಗದಲ್ಲಿ ನಿಂತಳು. ದಿನವಿಡೀ ಎಡಕ್ಕೆ ತಿರುಗಿ ತಿರುಗಿ ತನ್ನ ಹೆಜ್ಜೆ ಕೆಡಿಸಿಕೊಂಡಳು. ಯಾಕೆ ಹೀಗಾಯ್ತು ಅಂತ ಒಂದ್ ಮಾತು ಕೇಳಿದ್ಯಾ? ನನ್ನನ್ನಾದ್ರೂ ಕೇಳಿದ್ಯಾ? ಕೂರಿಸೋದೊಂದು ಕಲ್ತಿದ್ದೀಯ!"

ಮಗಳ ಕಣ್ಣು ತುಂಬಿತು. ಬೇರೆ ದಿನವಾಗಿದ್ದರೆ ದೊಡ್ಡಕ್ಕನ ಸೆರಗು ತಾನಾಗಿ ಮುಂದೆ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

"ಅವಳು ಸಾಲಿನಲ್ಲಿದ್ರೆ ನಾನಿದ್ದೀನಿ. ಇಲ್ಲಾಂದ್ರೆ ಎರಡು ಕುರ್ಚಿ ಹಾಕಿಸು."

ಮಗಳು ಕಾಲಿಗೆ ಸುತ್ತಿದ್ದ ಚಾದರವನ್ನು ಬಿಡಿಸಿಕೊಂಡಳು. ಚಿಕ್ಕಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಅರ್ಧ ಬಿಚ್ಚಿದ್ದ ಶೂವಿನ ದಾರವನ್ನು ಮತ್ತೆ ಬಿಗಿದಳು.

"ಎದ್ದೇಳಿ ಚಿಕ್ಕಮ್ಮ. ಅಭ್ಯಾಸಕ್ಕೆ ಇವತ್ತು ರಾತ್ರಿ, ನಾಳೆ, ಎರಡೂ ಇದೆ. ನಾನೇ ನಿಮ್ ಪಕ್ಕ ನಿಲ್ತೀನಿ."

"ಎಡಪಕ್ಕ ಬೇಡ ಕಣೇ, ಹಣೆ ಒಡೆದೀತು!"

ಎಲ್ಲರೂ ಒಟ್ಟಿಗೇ ನಕ್ಕರು. ದೊಡ್ಡಕ್ಕ ನಗಲಿಲ್ಲ. ಚಾದರವನ್ನು ಒಬ್ಬಳೇ ನಾಲ್ಕು ಮಡಿಕೆ ಮಾಡಿ, ಅಂಚು ತೀಡಿ, ಕಿಟಕಿಕಟ್ಟೆಯ ಮೇಲಿಟ್ಟು ಬಂದು ತನ್ನ ಜಾಗದಲ್ಲಿ ನಿಂತಳು. ಸಂಗೀತ ಮತ್ತೆ ಶುರುವಾಯಿತು.

"ಅಮ್ಮಾ, ಸ್ವಲ್ಪ ನಗು ಇರಲಿ," ಎಂದಳು ಮಗಳು, ಮೆಲ್ಲಗೆ.

"ಕಾಲು ನೋಡು. ಮುಖ ನನ್ನದು," ಎಂದಳು ದೊಡ್ಡಕ್ಕ. ಎಂಟಕ್ಕೆ ಅವಳು ನೆಲ ಅದುರುವಂತೆ ಕಾಲು ಕುಕ್ಕಿ ಬಲಕ್ಕೆ ತಿರುಗಿದಳು.