ಓಡೆಲ್ ಹೆಸರಿನಲ್ಲಿ ಒಂದು ಲೋಡು

ಅರ್ಜಿಗೆ ಮುನ್ನೂರು ಡಾಲರ್. ವಿಮೆಯ ಮೊದಲ ಕಂತು ನಾಲ್ಕು ಸಾವಿರದ ಇನ್ನೂರು. ನಂಬರ್ ಪ್ಲೇಟಿಗೆ ಸಾವಿರದ ಎಂಟುನೂರು, ಲಾರಿಯ ಬಾಗಿಲ ಮೇಲೆ ಹೆಸರು ಬರೆಸಲು ನೂರೈವತ್ತು. ವರ್ಲಿನ್ ಸ್ಟ್ರೌಡ್ ಅಡುಗೆಮನೆಯ ಮೇಜಿನ ಮುಂದೆ ಕೂತು ಇದನ್ನೆಲ್ಲ ಬರೆದು ಕೂಡಿಸಿದ. ಎದುರು ಬದಿಯಲ್ಲಿ ಬರೆದದ್ದು ಒಂದೇ ಸಾಲು: ಓಡೆಲ್ ಪ್ರೂಯಿಟ್, ಪ್ರತಿ ಬಾಡಿಗೆಯಲ್ಲಿ ನೂರಕ್ಕೆ ಇಪ್ಪತ್ತೈದು.

ಲಾರಿ ವರ್ಲಿನ್‌ದೇ. ಆದರೆ ಸರಕು ಸಾಗಿಸುವ ಪರವಾನಗಿ ಓಡೆಲ್‌ದು, ವಿಮೆ ಓಡೆಲ್‌ದು, ಬಾಗಿಲಿಗೆ ಅಂಟಿಸಿದ ಆಯಸ್ಕಾಂತದ ಫಲಕದ ಮೇಲಿನ ಹೆಸರೂ ಓಡೆಲ್‌ದೇ. ಪಾಪ್ಲರ್ ಬ್ಲಫ್‌ನ ಸುತ್ತಮುತ್ತ ಹೀಗೆ ಇನ್ನೊಬ್ಬರ ಹೆಸರಿನಡಿ ಸ್ವಂತ ಲಾರಿ ಓಡಿಸುವವರು ಬಹಳ ಮಂದಿ. ಒಂಬತ್ತು ವರ್ಷ ವರ್ಲಿನ್‌ಗೆ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ಐವತ್ತು ದಾಟಿದ ಮೇಲೆ ಕಾಣತೊಡಗಿತು.

ವಿಷಯ ತಿಳಿಸಲು ಹೋದಾಗ ಓಡೆಲ್ ತನ್ನ ಲಾರಿ ಅಂಗಳದ ಶೆಡ್ಡಿನಲ್ಲಿ ಕೂತು, ಬೀನ್ಸ್ ಸಾರಿಗೆ ಜೋಳದ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ.

"ಮಿಸ್ಟರ್ ಓಡೆಲ್, ನನ್ನ ಹೆಸರಲ್ಲೇ ಪರವಾನಗಿ ತಗೋಬೇಕು ಅಂತಿದೀನಿ."

"ತಗೋ ಮಗನೇ. ಇಷ್ಟು ವರ್ಷ ಯಾಕೆ ತಗೊಳ್ಳಲಿಲ್ಲ ಅಂತ ನಾನೇ ಅಂದ್ಕೋತಿದ್ದೆ. ಹೆಂಡ್ತಿ ಬಿಡಲಿಲ್ವಾ?"

"ಅವಳು ಬಿಟ್ಲು, ವಿಮೆಯವರು ಬಿಡಲಿಲ್ಲ."

ಮುದುಕ ನಕ್ಕ. ಆಮೇಲೆ ಚಮಚ ಕೆಳಗಿಟ್ಟ. "ಒಂದು ಮಾತು. ಪರವಾನಗಿ ನಂಬರ್ ಬಂತು ಅಂತ ಕುಣೀಬೇಡ. ನಂಬರ್ ಅರ್ಜಿ ಹಾಕಿದ ದಿನವೇ ಬರುತ್ತೆ, ಪರವಾನಗಿ ಜಾರಿಗೆ ಬರೋಕೆ ಮೂರು ವಾರ ಬೇಕು. ಅಲ್ಲೀ ತನಕ ನನ್ನ ಹೆಸರಲ್ಲೇ ಓಡ್ಸು. ಆಮೇಲೆ ಕರಾರು ಮುರಿಯೋಣ."

ವರ್ಲಿನ್ ಕೇಳಲಿಲ್ಲ. ನಂಬರ್ ಬಂದ ವಾರವೇ ಅಂಗಳಕ್ಕೆ ಹೋಗಿ ಕರಾರು ಮುರಿದು ಸಹಿ ಹಾಕಿ ಬಂದ. ಇನ್ನು ಯಾರ ಕೈಕೆಳಗೂ ಇಲ್ಲ ಎಂದು ಹೇಳಿಕೊಳ್ಳುವ ಆಸೆ ಅವನಿಗೆ ಅಷ್ಟಿತ್ತು. ಫಲಕಗಳೆಲ್ಲಿ ಎಂದು ಓಡೆಲ್ ಕೇಳಿದಾಗ, ಮನೆಯಲ್ಲಿವೆ, ತಂದುಕೊಡುತ್ತೇನೆ ಎಂದ. ತಂದುಕೊಡಲಿಲ್ಲ.

ಅರ್ಜಿ ಹಾಕಿದ ಹದಿನೆಂಟನೆಯ ದಿನ ಬೆಳಿಗ್ಗೆ ಮೇವಿನ ಗಿರಣಿಯ ಮ್ಯಾನೇಜರ್ ಕಾಬ್ ಫೋನ್ ಮಾಡಿದ. "ವಾರಕ್ಕೆ ಮೂರು ಲೋಡು ಕೊಡ್ತೀನಿ, ವರ್ಷಪೂರ್ತಿ. ಆದ್ರೆ ಮೊದಲನೇದು ಇವತ್ತೇ ಹೋಗ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆಯವರು ಸಾಲಲ್ಲಿ ನಿಂತಿದಾರೆ."

ಪರವಾನಗಿ ಜಾರಿಗೆ ಬರಲು ಇನ್ನೂ ಮೂರು ದಿನ ಉಳಿದಿತ್ತು.

"ಓಡೆಲ್‌ಗೆ ಒಂದು ಫೋನ್ ಮಾಡು ಮಾರಾಯ," ಎಂದಳು ಹೆಂಡತಿ ನೆಡ್ರಾ. "ಮೂರು ದಿನದ ಮಟ್ಟಿಗೆ ಮತ್ತೆ ಸೇರಿಸ್ಕೊಳ್ಳಿ ಅಂತ ಕೇಳು. ಬೇಡ ಅಂತಾರಾ?"

"ಎದೆ ಸೆಟೆಸ್ಕೊಂಡು ಬಂದೋನು ಈಗ ಹೋಗಿ ಹಲ್ಲು ಗಿಂಜಲಾ?"

"ಗಿಂಜು. ಹಲ್ಲೇನು ಉದುರೋಗಲ್ಲ."

ವರ್ಲಿನ್ ಫೋನ್ ಮಾಡಲಿಲ್ಲ. ಗ್ಯಾರೇಜಿನಿಂದ ಓಡೆಲ್‌ನ ಫಲಕಗಳನ್ನು ತಂದು ಎರಡೂ ಬಾಗಿಲಿಗೆ ಅಂಟಿಸಿದ. ಹಳೆಯ ಕರಾರಿನ ಪ್ರತಿ ಕ್ಯಾಬಿನ್ನಿನಲ್ಲಿಯೇ ಇತ್ತು. ಒಂದೇ ಲೋಡು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಹೊರಟ.

ತೂಕದ ಚೆಕ್‌ಪೋಸ್ಟಿನಲ್ಲಿ ಅವನ ಲಾರಿಯನ್ನು ಪಕ್ಕಕ್ಕೆ ತೆಗೆಸಿದರು. ತಪಾಸಣೆಯ ಹೆಂಗಸು ಟ್ರೈಲರಿನ ಕೆಳಗೆ ತೂರಿ ಹೊರಗೆ ಬಂದಳು. "ಹಿಂದಿನ ಬ್ರೇಕ್ ಎರಡೂ ಸಡಿಲ. ರಿಪೇರಿ ಆಗೋ ತನಕ ಗಾಡಿ ಅಲ್ಲಾಡೋ ಹಾಗಿಲ್ಲ. ಕರಾರು ತೋರ್ಸಿ." ಕರಾರು ಮುರಿದಾಗಿನಿಂದ ನಿಂತೇ ಇದ್ದ ಲಾರಿಯ ಬ್ರೇಕನ್ನು ವರ್ಲಿನ್ ನೋಡಿಕೊಂಡಿರಲಿಲ್ಲ. ಅವಳು ಕಾಗದ ತಿರುವಿ, ಫಲಕದ ಮೇಲಿದ್ದ ನಂಬರಿಗೆ ಅವನೆದುರೇ ಸ್ಪೀಕರಿನಲ್ಲಿ ಫೋನ್ ಹಚ್ಚಿದಳು.

"ವರ್ಲಿನ್ ಸ್ಟ್ರೌಡ್ ಅಂತ ಇದಾರೆ. ನಿಮ್ಮ ಡ್ರೈವರೇನಾ?"

ವರ್ಲಿನ್ ತನ್ನ ಬೂಟುಗಳನ್ನೇ ನೋಡುತ್ತ ನಿಂತ.

"ಹೌದು," ಎಂದಿತು ಓಡೆಲ್‌ನ ದನಿ. "ನಮ್ಮವನೇ."

ಅವಳು ಬರೆದುಕೊಂಡಳು. ತಪ್ಪು ಓಡೆಲ್ ಕಂಪನಿಯ ಹೆಸರಿಗೆ ದಾಖಲಾಯಿತು.

ಮೆಕ್ಯಾನಿಕ್ ಬಂದು ಬ್ರೇಕ್ ಬಿಗಿ ಮಾಡಿದ ಮೇಲೆ ವರ್ಲಿನ್ ಲೋಡು ಇಳಿಸಿ, ನೇರವಾಗಿ ಅಂಗಳಕ್ಕೆ ಬಂದ. ಫಲಕಗಳನ್ನು ತೆಗೆದು ಓಡೆಲ್‌ನ ಕೈಗೆ ಕೊಟ್ಟ.

"ಯಾಕೆ ಹೌದು ಅಂದ್ರಿ?"

"ಇಲ್ಲ ಅಂದಿದ್ರೆ ನಿನ್ನ ಪರವಾನಗಿ ಹುಟ್ಟೋಕೆ ಮುಂಚೆ ಸಾಯ್ತಿತ್ತು." ಮುದುಕ ಫಲಕದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಮೂರು ದಿನ ತಾನೆ ವರ್ಲಿನ್. ಕೇಳಿದ್ದಿದ್ರೆ ಕೊಡ್ತಿದ್ದೆ."

ಈ ಸಲ ಮಗನೇ ಎನ್ನಲಿಲ್ಲ. ವರ್ಲಿನ್‌ಗೆ ಅದು ಮನೆ ಸೇರಿದ ಮೇಲೆ ಹೊಳೆಯಿತು.

ಮೂರು ದಿನಕ್ಕೆ ಪರವಾನಗಿ ಬಂತು. ನೆಡ್ರಾ ಬಾಗಿಲ ಮೇಲಿನ ಹೊಸ ಹೆಸರಿನ ಫೋಟೊ ತೆಗೆಯಲು ಹೋದರೆ ಅವನು ಬೇಡ ಎಂದ.

ವಸಂತದಲ್ಲಿ ಓಡೆಲ್‌ನ ವಿಮೆ ನವೀಕರಣಕ್ಕೆ ಬಂತು. ಹಿಂದಿನ ಶರತ್ಕಾಲದಲ್ಲಿ ಇನ್ನೊಬ್ಬ ಡ್ರೈವರನ ಒಂದು ತಪ್ಪು ದಾಖಲಾಗಿತ್ತು. ವರ್ಲಿನ್‌ದು ಎರಡನೆಯದು. ಏಜೆಂಟ್ ಕಂತನ್ನು ಒಂದೂವರೆ ಪಟ್ಟು ಮಾಡಿದ. ಸುದ್ದಿ ಕಿವಿಗೆ ಬಿದ್ದಾಗ ವರ್ಲಿನ್ ಮತ್ತೆ ಅಂಗಳಕ್ಕೆ ಹೋದ.

"ನಾನೇ ಹೋಗಿ ನಿಜ ಹೇಳ್ತೀನಿ, ಮಿಸ್ಟರ್ ಓಡೆಲ್."

"ಹೇಳಿದ್ರೆ ನೀನು ಕಳ್ಳ, ನಾನು ಸುಳ್ಳುಗಾರ. ಅಷ್ಟೇ ಲಾಭ. ನಿನ್ನ ಕೆಲಸ ನೋಡ್ಕೋ, ಹೋಗು."

ಆ ಕಂತು ಕಟ್ಟಲಾಗದೆ ಜೂನ್ ಹೊತ್ತಿಗೆ ಓಡೆಲ್ ತನ್ನ ನಾಲ್ಕು ಲಾರಿಗಳನ್ನು ಮಾರಿದ. ಅವುಗಳ ಡ್ರೈವರುಗಳು ಬೇರೆ ಕಂಪನಿಗಳನ್ನು ಹುಡುಕಿಕೊಂಡು ಹೋದರು.

ವರ್ಲಿನ್‌ಗೆ ಸ್ವಂತ ಪರವಾನಗಿ ಸಿಕ್ಕಿತು, ಗಿರಣಿಯ ಕೆಲಸವೂ ಉಳಿಯಿತು. ಓಡೆಲ್ ಮೂವತ್ತೊಂದು ವರ್ಷ ನಡೆಸಿದ ಕಂಪನಿ ಮುಚ್ಚಿತು. ಊರಲ್ಲಿ ಎದುರಾದರೆ ಮುದುಕ ಈಗಲೂ ಕೈ ಎತ್ತುತ್ತಾನೆ, ಆದರೆ ನಿಂತು ಮಾತಾಡುವುದಿಲ್ಲ.