ಮಾತಿಲ್ಲದ ನಲವತ್ತು ನಿಮಿಷ

ನನ್ನ ಬಾಯಿಗೆ ಬೀಗ ಇಲ್ಲ ಅಂತ ಮದುವೆಯಾದ ವಾರದಲ್ಲೇ ನಮ್ಮತ್ತೆ ಊರಿಗೆಲ್ಲ ಸಾರಿದ್ದರು. ಸುಳ್ಳೇನಲ್ಲ. ಒಂದು ಅಂದರೆ ಎರಡು ತಿರುಗಿಸಿ ಅನ್ನದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಅಂಥವಳಿಗೆ ಸಿಕ್ಕ ಕೆಲಸ ನೋಡಿ: ಬಾಟಲಿಯೊಳಗೆ ಗಿಡ ಬೆಳೆಸುವ ಲ್ಯಾಬು. ಬಾಟಲಿಯ ತಳದಲ್ಲಿ ಸಕ್ಕರೆ ಬೆರೆತ ಜೆಲ್ಲಿ. ಬೀಜಕ್ಕೂ ಅದೇ ಊಟ, ಬೂಷ್ಟಿಗೂ ಅದೇ ಊಟ. ಮಾತಾಡಿದರೆ ಮಾಸ್ಕ್ ಜಾರುತ್ತೆ, ಎಂಜಲು ಹಾರುತ್ತೆ, ಮೂರನೇ ದಿನಕ್ಕೆ ಬಾಟಲಿ ತುಂಬ ಬೂಷ್ಟು. ಹಿಂದಿನ ಸಲ ನನ್ನ ಹದಿನಾಲ್ಕು ಬಾಟಲಿ ಹೀಗೇ ಹಾಳಾಗಿದ್ದವು. ಆಗ ಸೋಪು ಸಾರ್, ಅಂದರೆ ದಿನಕ್ಕೆ ಮೂವತ್ತು ಸಲ ಕೈ ತೊಳೆಯುವ ನಮ್ಮ ಹಿರಿಯ ವಿಜ್ಞಾನಿ, ಬಾಗಿಲಿಗೆ ಬೋರ್ಡು ಹಾಕಿಸಿದರು: 'ಒಳಗೆ ಕೆಲಸ ನಡೆಯುವಾಗ ಮಾತಾಡುವಂತಿಲ್ಲ.' ಅದು ನನಗೊಬ್ಬಳಿಗೇ ಬರೆದದ್ದು ಅಂತ ಎಲ್ಲರಿಗೂ ಗೊತ್ತಿತ್ತು.

ಅವತ್ತು ಕೈಗೆ ಬಂದದ್ದು ಕೊನೆಯ ಕಾಯಿ. ಅನಾನಸಿನ ದಾಯಾದಿಯಾದ ಒಂದು ಬ್ರೊಮೀಲಿಯಡ್ ಗಿಡ, ಒಂದೇ ಒಂದು ಬಂಡೆಯ ಮೇಲೆ ಬೆಳೆಯುತ್ತಿತ್ತು. ಆ ಬಂಡೆಯನ್ನು ಜಲ್ಲಿ ಮಾಡಿ ರಸ್ತೆಗೆ ಸುರಿದಾಯಿತು. ಉಳಿದ ಒಂದು ಗಿಡ ನಮ್ಮಲ್ಲಿ ಹೂಬಿಟ್ಟು, ಈ ಕಾಯಿ ಕೊಟ್ಟು, ಬುಡದಲ್ಲಿ ಒಂದು ಮರಿಸಸಿಯೂ ಬಿಡದೆ ಒಣಗಿತು.

"ಇದು ಹೋದ್ರೆ ಆ ವಂಶವೇ ಹೋಯ್ತು ಕಣಮ್ಮ. ನಿನ್ನ ಕೈಯಷ್ಟು ನಾಜೂಕು ಯಾರದ್ದೂ ಇಲ್ಲ. ನಲವತ್ತು ನಿಮಿಷ ಬಾಯಿ ಮಾತ್ರ... ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಇಲ್ಲಿ ಎರಡೂ ಒಟ್ಟಿಗೇ ಹೋಗುತ್ತೆ," ಅಂತ ಸಾರ್ ಕೈ ಮುಗಿದರು. ಹತ್ತೂಕಾಲಿಗೆ ಈ ಕೆಲಸ, ಮಾತಾಡುವ ಹಾಗಿಲ್ಲ ಅಂತ ಹಿಂದಿನ ರಾತ್ರಿ ಗಂಡನ ಹತ್ತಿರ ಗೊಣಗಿದಾಗ ಇಲ್ಲದ ಹೆದರಿಕೆ ಈಗ ನಿಜವಾಗಿಯೂ ಆಯಿತು.

ಒಳಗೆ ಕೂತು, ಕಾಯಿ ಸೀಳಿ ಬೀಜಗಳನ್ನು ಒಂದೊಂದಾಗಿ ಬಾಟಲಿಗೆ ಇಳಿಸತೊಡಗಿ ಹತ್ತು ನಿಮಿಷ ಆಗಿರಬೇಕು. ಬಾಗಿಲ ಗಾಜಿನಲ್ಲಿ ನಮ್ಮತ್ತೆಯ ಮುಖ, ಪಕ್ಕದಲ್ಲಿ ಪೆಟ್ಟಿಗೆ.

"ನೋಡೇ, ನಿನ್ನ ವಾರಗಿತ್ತಿ ಜತೆ ನನಗೆ ಸಾಕಾಗಿದೆ. ಇನ್ಮೇಲೆ ನಿಮ್ಮನೇಲೇ ಇರ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡು." ಅವರ ಗಂಟಲಿಗೆ ಗಾಜು ಯಾವ ಲೆಕ್ಕ!

ಬೇಡ ಅನ್ನೋದು ನಾಲಿಗೆ ತುದಿಗೇ ಬಂದಿತ್ತು. ಎರಡು ಕೋಣೆಯ ಮನೆ, ಇಬ್ಬರು ಗಯ್ಯಾಳಿಗಳು, ನಡುವೆ ನನ್ನ ಗಂಡ ಅನ್ನೋ ಪಾಪದ ಪ್ರಾಣಿ. ಆದರೆ ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬೀಜ. ತುಟಿ ಕಚ್ಚಿದೆ. ತಲೆಯನ್ನಾದರೂ ಅಡ್ಡಡ್ಡ ಆಡಿಸೋಣವೆಂದರೆ ಬೀಜ ಬಿದ್ದೀತು. ಬಾಟಲಿಯ ಬಾಯಿ ನೋಡಲು ಕತ್ತು ಬಗ್ಗಿಸಿದೆ.

"ಅಯ್ಯೋ ನನ್ನ ಕಂದಾ! ತಲೆ ಬಗ್ಗಿಸಿ ಒಪ್ಪಿಕೊಂಡಳಲ್ಲ!" ಕಣ್ಣೊರೆಸಿಕೊಂಡು ಪೆಟ್ಟಿಗೆ ಎತ್ತಿಕೊಂಡರು, ನೆಟ್ಟಗೆ ನಮ್ಮ ಮನೆಗೆ ಹೊರಟರು.

ಮೂರು ವಾರ ಮನೆಯಲ್ಲಿ ದಿನಾ ರಂಪ, ಲ್ಯಾಬಿನಲ್ಲಿ ಮಾತ್ರ ಬೂಷ್ಟಿಲ್ಲ. ಹನ್ನೊಂದು ಬಾಟಲಿಯಲ್ಲೂ ಹಸಿರು ಮೊಳಕೆ ಕಂಡ ದಿನ ನಾನು ಗೊಳೋ ಅಂತ ಅತ್ತುಬಿಟ್ಟೆ. ಸಾರ್ ಕೈ ತೊಳೆಯುವುದನ್ನೇ ಮರೆತರು.

ಅತ್ತೆಯನ್ನು ಕರೆತಂದು ತೋರಿಸಿದೆ. ತಡೆಯಲಾರದೆ ಹೇಳಿಯೂ ಬಿಟ್ಟೆ: "ಅವತ್ತು ನಾನು ಒಪ್ಪಿ ಸುಮ್ಮನಿದ್ದದ್ದಲ್ಲ ಅತ್ತೆ. ಬಾಯಿ ತೆರೆದಿದ್ರೆ ಇವು ಸಾಯ್ತಿದ್ವು."

ಅವರು ಬಾಟಲಿಗೆ ಮೂಗು ತಾಗಿಸಿ ಮೊಳಕೆ ನೋಡುತ್ತಲೇ ಇದ್ದರು.

"ಗೊತ್ತು ಬಿಡೇ. ನನಗೆ ಓದೋಕೆ ಬರಲ್ವಾ? ಬೋರ್ಡು ಓದಿಕೊಂಡೇ ಕೇಳಿದ್ದು. ನೀನು ಬೇಡ ಅಂದಿದ್ರೆ ನನಗೆ ತಡ್ಕೊಳ್ಳೋಕಾಗ್ತಿರಲಿಲ್ಲ."

ನಾನು ಬಾಟಲಿಯನ್ನು ಅವರ ಮೂಗಿನಿಂದ ಬಿಡಿಸಿ ಪಕ್ಕಕ್ಕಿಟ್ಟೆ. "ಅದ್ಸರಿ, ಸರಿಯಾಗಿ ಆ ಹೊತ್ತಿಗೇ ಹೇಗೆ ಬಂದ್ರಿ?"

"ನನ್ನ ಮಗ ಫೋನ್ ಮಾಡಿದ್ದ. ಹತ್ತೂವರೆಗೆ ಹೋಗಮ್ಮ, ಆಗ ಅವಳ ಬಾಯಿ ಕಟ್ಟಿರುತ್ತೆ ಅಂದ."

ಪಾಪದ ಪ್ರಾಣಿಯಂತೆ!