ಅರ್ಧ ಮಡಿಸಿದ ಕಡುಬು

ಅಡುಗೆಮನೆಯ ಸೆಕೆಯಲ್ಲೂ ಕಳಚದ ಒರಿಸ್ಯಾಳ ಕುರಿತೊಗಲಿನ ಕೋಟಿನ ಜೇಬಿನಲ್ಲಿ ಸದಾ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಇಡುವ, ಕೋಳಿಯ ಆಕಾರದ ಪುಟ್ಟ ಗಡಿಯಾರವದು. ಅದು ಗಂಟೆ ಬಾರಿಸಿತೆಂದರೆ, ಮಾತು ಬಾಯಲ್ಲಿರಲಿ, ಲಟ್ಟಣಿಗೆ ಕೈಯಲ್ಲಿರಲಿ, ಅಲ್ಲಿಗೇ ನಿಲ್ಲಿಸಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವವಳಂತೆ ಹೆಜ್ಜೆಯಳೆಯುತ್ತ ಹೋಗಿ ಮಲಗಿಬಿಡುವಳು.

ಮೊದಲು ಅವಳು ಹೀಗಿರಲಿಲ್ಲ. ಕೆನಡಾದ ಸಸ್ಕ್ಯಾಚೆವಾನಿನ ನಮ್ಮ ಉಕ್ರೇನಿ ಇಗರ್ಜಿಯಲ್ಲಿ, ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಆಲೂಗಡ್ಡೆ ಕಡುಬು ಮಡಿಸುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಮೈಯೆಲ್ಲ ನೋಯುವ, ಎಷ್ಟು ಮಲಗಿದರೂ ಆಯಾಸ ಕಳೆಯದ ಕಾಯಿಲೆ ಅಂಟಿಕೊಂಡ ಮೇಲೂ ಛಲ ಬಿಡಲಿಲ್ಲ. ಮೈ ತುಸು ಹಗುರಾದ ದಿನ ಒಂದೇ ಉಸಿರಿಗೆ ನಾನೂರು ಮಡಿಸುವಳು. ಆಮೇಲೆ ಹತ್ತು ದಿನ ಹಾಸಿಗೆ ಹಿಡಿಯುವಳು. ನಾಲ್ಕು ವರ್ಷ ಹಬ್ಬದ ಮೇಜಿಗೆ ಅವಳ ಕಡುಬು ಬಂತು, ಅವಳು ಬರಲಿಲ್ಲ.

ಐದನೆಯ ವರ್ಷ ಕೋಳಿ ಬಂತು. ಹದಿನೈದು ನಿಮಿಷ ಕೆಲಸ, ಅರ್ಧ ಗಂಟೆ ವಿಶ್ರಾಂತಿ. ಗಂಡನ ಅಕ್ಕ ಸ್ಟೆಫ್ಕಾಗೆ ಇದು ಹಿಡಿಸಲಿಲ್ಲ.

"ಇವತ್ತು ಮುಖ ಕಳೆಕಳೆಯಾಗಿದೆ ಕಣೇ, ಇನ್ನೊಂದು ತಟ್ಟೆ ಮುಗಿಸಿಬಿಡು. ಕೋಳಿ ಕುಣಿಸಿದ ಹಾಗೆಲ್ಲ ಕುಣೀತೀಯಲ್ಲ!"

"ಚೆನ್ನಾಗಿದೀನಲ್ಲ ಅತ್ತಿಗೆ, ಅದಕ್ಕೇ ನಿಲ್ಲಿಸ್ತಿರೋದು. ಬಿದ್ದ ಮೇಲೆ ನಿಲ್ಲಿಸೋಕೆ ಕೋಳಿ ಯಾಕೆ ಬೇಕು?"

ಅಂಚು ಅರ್ಧ ಮಡಿಸಿದ ಕಡುಬನ್ನು ಹಾಗೆಯೇ ಬಿಟ್ಟು ಎದ್ದಳು. ಮಂಚದ ಮೇಲೆ ಕಣ್ಣು ಮುಚ್ಚಿದರೂ ಬಾಯ್ದೆರೆದ ಆ ಕಡುಬೇ ಕಾಣುತ್ತಿತ್ತು. ಮೊದಲ ದಿನ ಅವಳು ಅತ್ತಳು. ಇತ್ತ ಸ್ಟೆಫ್ಕಾ ಗೊಣಗುತ್ತಲೇ, ಹಿಟ್ಟು ಒಣಗದಿರಲೆಂದು ಅದಕ್ಕೆ ಒದ್ದೆ ಬಟ್ಟೆ ಹೊದಿಸಿದಳು. ಅರ್ಧ ಗಂಟೆಯ ಮೇಲೆ ಒರಿಸ್ಯಾ ಬಂದು ಅದರ ಬಾಯಿ ಮುಚ್ಚಿದಳು. ಆ ವರ್ಷ ಅವಳು ಮಡಿಸಿದ್ದು ಇನ್ನೂರೇ. ಆದರೆ ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ.

ಹಬ್ಬದ ಸಂಜೆ ಮೊದಲ ನಕ್ಷತ್ರ ಮೂಡುತ್ತಲೇ ಇಗರ್ಜಿಯ ಊಟದ ಮನೆಯ ಬಾಗಿಲು ತೆರೆಯಿತು. ಜೇನು ಬೆರೆಸಿದ ಗೋಧಿಯ ಪಾತ್ರೆ ಹಿಡಿದು ಒರಿಸ್ಯಾ ಒಳಗೆ ಬಂದಳು. ಎಲ್ಲರೂ ಎದ್ದು ಹಾಡತೊಡಗಿದರು. ಎತ್ತರದ ದನಿ ಅವಳದೇ. ಎರಡನೆಯ ನುಡಿಯ ನಡುವೆ ಜೇಬು ಗಂಟೆ ಬಾರಿಸಿತು. ಒರಿಸ್ಯಾ ನಾಚಿ ಕುರ್ಚಿಗೆ ತಡಕಾಡಿದಳು.

"ಕೋಳಿ ಕೂಗ್ತು, ಎಲ್ಲಾ ಕೂತ್ಕೊಳ್ರೋ!" ಎಂದು ಗದರಿದವಳು ಸ್ಟೆಫ್ಕಾ. ಇಡೀ ಸಭೆ ನಗುತ್ತ ಕುಳಿತಿತು. ಹಾಡು ಮಾತ್ರ ನಿಲ್ಲಲಿಲ್ಲ.

ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವವರನ್ನು ನಾವು ಬಹುಕಾಲ ಸೋಮಾರಿಗಳೆಂದೇ ತಿಳಿದಿದ್ದೆವು. ನಾಳೆಗೆಂದು ಇಂದೇ ತುಸು ಬಲವನ್ನು ಒದ್ದೆ ಬಟ್ಟೆಯಡಿ ಕಾದಿಡಬಲ್ಲ ಇಂಥವರೇ ಹಬ್ಬದ ಮೇಜಿಗೆ ತಮ್ಮ ಕಾಲ ಮೇಲೆ ನಡೆದು ಬರುತ್ತಾರೆ.